ಬಿಂದುಗಳ ಲೆಕ್ಕ ಮತ್ತು ಮುದ್ರಣದ ಅಳತೆ

ಮೊಬೈಲಿನ ಪರದೆಯ ಮೇಲೆ ನಿಚ್ಚಳವಾಗಿ ಕಂಡ ಛಾಯಾಚಿತ್ರವು ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಗಿ ಬಂದಾಗ ಮಸುಕಾಗಿರುವುದು ಅನೇಕ ಶಿಕ್ಷಕರ ಅನುಭವಕ್ಕೆ ಬಂದಿರುವ ಸಂಗತಿ. ಇದರ ಹೊಣೆಯನ್ನು ಸಾಮಾನ್ಯವಾಗಿ ಮುದ್ರಣಾಲಯದ ಮೇಲೋ ಕಾಗದದ ಮೇಲೋ ಹೊರಿಸಲಾಗುತ್ತದೆ. ಆದರೆ ದೋಷವು ಬಹುಮಟ್ಟಿಗೆ ಅಲ್ಲಿರುವುದಿಲ್ಲ. ಚಿತ್ರವು ಮುದ್ರಣಾಲಯವನ್ನು ಮುಟ್ಟುವ ಮೊದಲೇ, ಮೊಬೈಲಿನಿಂದ ಮೊಬೈಲಿಗೆ ಸಾಗುವ ಹಾದಿಯಲ್ಲಿ, ತನ್ನ ಸತ್ವದ ಹೆಚ್ಚಿನ ಪಾಲನ್ನು ಕಳೆದುಕೊಂಡಿರುತ್ತದೆ. ಹೀಗಾಗುವುದನ್ನು ಮುಂಚಿತವಾಗಿ ಕಂಡುಕೊಳ್ಳಲು ಗುಣಾಕಾರ ಮತ್ತು ಭಾಗಾಕಾರಗಳಿಗಿಂತ ಹೆಚ್ಚಿನ ಗಣಿತ ಬೇಕಾಗಿಲ್ಲ. ಪಾಠದ ಪುಟವನ್ನು ಮೊಬೈಲಿನಲ್ಲಿ ಹಿಡಿದು, ಮುದ್ರಿಸಿ ಮಕ್ಕಳಿಗೆ ಹಂಚಬೇಕಾಗಿ ಬರುವ ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಈ ಲೆಕ್ಕಕ್ಕೆ ಅಕ್ಷರಾಭ್ಯಾಸದೊಡನೆಯೇ ನೇರವಾದ ಸಂಬಂಧವಿದೆ.

ಡಿಜಿಟಲ್ ಛಾಯಾಚಿತ್ರವೆಂದರೆ ಅಡ್ಡಸಾಲು ಮತ್ತು ಕಂಬಸಾಲುಗಳಲ್ಲಿ ಜೋಡಿಸಲಾದ ಬಣ್ಣದ ಬಿಂದುಗಳ ಒಂದು ಕೋಷ್ಟಕ. ಈ ಒಂದೊಂದು ಬಿಂದುವಿಗೂ ಪಿಕ್ಸೆಲ್ ಎಂದು ಹೆಸರು. ಇದನ್ನು ಚುಕ್ಕಿ ರಂಗೋಲಿಗೆ ಹೋಲಿಸಬಹುದು. ಹದಿನೈದು ಚುಕ್ಕಿಗಳ ರಂಗೋಲಿ ಎಂದು ಹೇಳಿದರೆ ಅದು ಎಷ್ಟು ಅಗಲವಿದೆಯೆಂದು ತಿಳಿಯುವುದಿಲ್ಲ. ಬೆರಳಗಲ ಬಿಟ್ಟು ಚುಕ್ಕಿಯಿಟ್ಟರೆ ಅದು ದೇವರ ಮುಂದಿನ ಮಣೆಯ ಮೇಲೆ ಹಿಡಿಸುತ್ತದೆ. ಗೇಣಗಲ ಬಿಟ್ಟರೆ ಅಂಗಳವನ್ನು ತುಂಬುತ್ತದೆ. ಚುಕ್ಕಿಗಳ ಸಂಖ್ಯೆ ಎರಡರಲ್ಲಿಯೂ ಒಂದೇ. ಛಾಯಾಚಿತ್ರದ ವಿಷಯವೂ ಹೀಗೆಯೇ. ಅದಕ್ಕೆ ತನ್ನದೇ ಆದ ಇಂಚು, ಸೆಂಟಿಮೀಟರುಗಳಿಲ್ಲ. ಇರುವುದು ಬಿಂದುಗಳ ಸಂಖ್ಯೆ ಮಾತ್ರ. ಅವನ್ನು ಕಾಗದದ ಮೇಲೆ ಎಷ್ಟು ಒತ್ತಾಗಿ ಇಡಲಾಗುತ್ತದೆ ಎಂಬುದರಿಂದ ಮುದ್ರಣದ ಅಳತೆ ನಿರ್ಧಾರವಾಗುತ್ತದೆ. ಒಂದು ಇಂಚಿನಲ್ಲಿ ಇಡುವ ಬಿಂದುಗಳ ಸಂಖ್ಯೆಯೇ ಬಿಂದು ಸಾಂದ್ರತೆ. ರೆಸಲ್ಯೂಷನ್ ಎಂಬ ಮಾತನ್ನು ಜನರು ಒಮ್ಮೆ ಒಟ್ಟು ಬಿಂದುಗಳಿಗೂ ಮತ್ತೊಮ್ಮೆ ಈ ಸಾಂದ್ರತೆಗೂ ಬಳಸುವುದರಿಂದ ಗೊಂದಲ ಉಂಟಾಗುತ್ತದೆ. ಇವೆರಡನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡರೆ ಉಳಿದುದೆಲ್ಲ ಸುಲಭ.

ಇಂದಿನ ಮೊಬೈಲುಗಳಲ್ಲಿ ಸಾಮಾನ್ಯವಾದ 12 ಮೆಗಾಪಿಕ್ಸೆಲ್ ಚಿತ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಉದ್ದ ಬದಿಯಲ್ಲಿ ಸುಮಾರು 4000, ಗಿಡ್ಡ ಬದಿಯಲ್ಲಿ ಸುಮಾರು 3000 ಬಿಂದುಗಳಿರುತ್ತವೆ; ಗುಣಿಸಿದರೆ 1 ಕೋಟಿ 20 ಲಕ್ಷ. ಇಂಚಿಗೆ 300ರಂತೆ ಮುದ್ರಿಸಿದರೆ 4000 ಅನ್ನು 300ರಿಂದ ಭಾಗಿಸಿ 13 ಇಂಚಿಗೆ ತುಸು ಹೆಚ್ಚು, 3000 ಅನ್ನು ಭಾಗಿಸಿ 10 ಇಂಚು ದೊರೆಯುತ್ತದೆ. ಎ4 ಹಾಳೆಯ ಅಳತೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ, ಅದನ್ನು ಇದೇ ಸಾಂದ್ರತೆಯಲ್ಲಿ ತುಂಬಲು 2480 ಮತ್ತು 3508 ಬಿಂದುಗಳು ಬೇಕು. ಆದ್ದರಿಂದ ಮೂಲ ಚಿತ್ರ ಇಡಿಯ ಪುಟಕ್ಕೆ ಧಾರಾಳವಾಗಿ ಸಾಲುತ್ತದೆ. ನಾಲ್ಕು ಇಂಚು ಅಗಲ, ಆರು ಇಂಚು ಉದ್ದದ ಸ್ಟುಡಿಯೋ ಪ್ರತಿಗೆ 1200 ಮತ್ತು 1800 ಬಿಂದುಗಳು ಸಾಕು. ಅರ್ಜಿಗಳಿಗೆ ಅಂಟಿಸುವ, 3.5 ಸೆಂ.ಮೀ. ಅಗಲ ಮತ್ತು 4.5 ಸೆಂ.ಮೀ. ಎತ್ತರದ ಭಾವಚಿತ್ರಕ್ಕೆ ಸುಮಾರು 413 ಮತ್ತು 531 ಬಿಂದುಗಳಿದ್ದರೆ ಆಯಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕಾಗಿದೆ. "300 ಡಿಪಿಐ ಚಿತ್ರ ಕಳುಹಿಸಿ" ಎಂದು ಮುದ್ರಣಾಲಯದವರು ಕೇಳುತ್ತಾರೆ. ಚಿತ್ರದ ವಿವರಗಳನ್ನು ತೆರೆದು ನೋಡಿದರೆ ಅಲ್ಲಿ 72 ಎಂಬ ಅಂಕಿ ಕಾಣುತ್ತದೆ; ಗಾಬರಿಯಾಗುತ್ತದೆ. ಆ 72 ಎಂಬುದು ಕ್ಯಾಮೆರಾ ರೂಢಿಯಂತೆ ಬರೆದಿಟ್ಟ ಒಂದು ಚೀಟಿ ಮಾತ್ರ. ಅದನ್ನು ಅಳಿಸಿ 300 ಎಂದು ಬರೆದ ಮಾತ್ರಕ್ಕೆ ಚಿತ್ರದಲ್ಲಿ ಒಂದು ಬಿಂದುವೂ ಹೆಚ್ಚುವುದಿಲ್ಲ. 72 ಎಂದೇ ಇದ್ದರೂ 4000 ಬಿಂದುಗಳ ಚಿತ್ರಕ್ಕೆ ಯಾವ ಕೊರತೆಯೂ ಇಲ್ಲ. ನೋಡಬೇಕಾದದ್ದು ಉದ್ದ ಮತ್ತು ಅಗಲಗಳ ಬಿಂದುಸಂಖ್ಯೆಯನ್ನು. ಕಡತದ ಗಾತ್ರ ಎಷ್ಟು ಕೆಬಿ, ಎಷ್ಟು ಎಂಬಿ ಎಂಬುದೂ ಪೂರ್ಣ ಭರವಸೆಯ ಅಳತೆಯಲ್ಲ. ನೀಲಿ ಆಕಾಶದ ಚಿತ್ರವೂ ಹಸಿರು ಎಲೆಗಳು ತುಂಬಿದ ಅಡಕೆ ತೋಟದ ಚಿತ್ರವೂ ಸಮಾನ ಬಿಂದುಗಳನ್ನು ಹೊಂದಿದ್ದಾಗಲೂ ಮೊದಲನೆಯದರ ಕಡತ ಚಿಕ್ಕದಾಗಿಯೇ ಇರುತ್ತದೆ. ಮುದ್ರಣಯಂತ್ರದ ಪೆಟ್ಟಿಗೆಯ ಮೇಲೆ ಕಾಣುವ 1200 ಅಥವಾ 4800 ಎಂಬ ಅಂಕಿಗಳು ಆ ಯಂತ್ರ ಸಿಂಪಡಿಸುವ ಶಾಯಿಯ ಸೂಕ್ಷ್ಮ ಚುಕ್ಕೆಗಳಿಗೆ ಸೇರಿದವು. ಚಿತ್ರದ ಒಂದು ಬಿಂದುವಿನ ಬಣ್ಣವನ್ನು ತೋರಿಸಲು ಅಂತಹ ಹಲವು ಚುಕ್ಕೆಗಳು ಬೇಕಾಗುತ್ತವೆ. ಇವೆರಡನ್ನೂ ಬೆರೆಸಬಾರದು.

ಹಾಗಾದರೆ 300 ಎಂಬ ಸಂಖ್ಯೆ ಎಲ್ಲಿಂದ ಬಂತು? ಅದರ ಮೂಲ ಮನುಷ್ಯನ ಕಣ್ಣಿನಲ್ಲಿದೆ. ಆರೋಗ್ಯವಾದ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಕೋನವನ್ನು ಬೇರ್ಪಡಿಸಿ ಕಾಣಬಲ್ಲದು. ಒಂದು ಅಡಿ ದೂರದಲ್ಲಿ ಪುಸ್ತಕ ಹಿಡಿದು ಓದುವಾಗ ಈ ಕೋನವು ಕಾಗದದ ಮೇಲೆ ಸುಮಾರು 0.09 ಮಿ.ಮೀ. ಆಗುತ್ತದೆ. ಒಂದು ಇಂಚಿನಲ್ಲಿ, ಅಂದರೆ 25.4 ಮಿ.ಮೀ.ನಲ್ಲಿ, ಇಂತಹ ಹೆಚ್ಚುಕಡಿಮೆ 286 ಭಾಗಗಳು ಹಿಡಿಸುತ್ತವೆ. ಅದಕ್ಕಿಂತ ಒತ್ತಾಗಿ ಬಿಂದುಗಳನ್ನಿಟ್ಟರೆ ಕಣ್ಣು ಅವನ್ನು ಬಿಡಿಬಿಡಿಯಾಗಿ ಕಾಣಲಾರದು. ಲೆಕ್ಕಕ್ಕೆ ಅನುಕೂಲವಾಗಲೆಂದು ಇದನ್ನು 300 ಎಂದು ಇಟ್ಟುಕೊಳ್ಳಬಹುದು.

ಇದರಿಂದ ಶಿಕ್ಷಕರಿಗೆ ಉಪಯುಕ್ತವಾದ ಒಂದು ಸುಲಭ ಸೂತ್ರ ಸಿಗುತ್ತದೆ: ನೋಡುವ ದೂರವನ್ನು ಅಡಿಗಳಲ್ಲಿ ಅಳೆದು, 300 ಅನ್ನು ಅದರಿಂದ ಭಾಗಿಸಿದರೆ ಬೇಕಾದ ಸಾಂದ್ರತೆ ಬರುತ್ತದೆ. ರಾಜ್ಯೋತ್ಸವದ ವೇದಿಕೆಯ ಹಿಂದೆ ಕಟ್ಟುವ ಆರಡಿ ಅಗಲದ ಬ್ಯಾನರನ್ನು ಸಭಿಕರು ಹತ್ತು ಅಡಿ ದೂರದಿಂದ ನೋಡುತ್ತಾರೆ. ಅಲ್ಲಿಗೆ ಇಂಚಿಗೆ 30 ಬಿಂದು ಸಾಕು. 72 ಇಂಚಿಗೆ 2160 ಬಿಂದುಗಳಾದವು. ದೊಡ್ಡ ಬ್ಯಾನರಿಗೆ ದೊಡ್ಡ ಕ್ಯಾಮೆರಾವೇ ಬೇಕೆಂಬ ನಂಬಿಕೆ ಹೀಗೆ ಕರಗುತ್ತದೆ. ಮಂಜೇಶ್ವರದ ಗೋವಿಂದ ಪೈಗಳ ಭಾವಚಿತ್ರವೊಂದು 400 ಬಿಂದು ಅಗಲ, 500 ಬಿಂದು ಎತ್ತರದ ಅಳತೆಯಲ್ಲಿ ದೊರೆತಿದೆಯೆಂದು ಭಾವಿಸೋಣ. ಪುಸ್ತಕದ ಪುಟದಲ್ಲಿ ಅದು ಒಂದೂಕಾಲು ಇಂಚು ಅಗಲವನ್ನು ತುಸು ಮೀರಿದರೂ ಅಂದಗೆಡುತ್ತದೆ. ಅದನ್ನೇ ಎ3 ಹಾಳೆಯಷ್ಟು ಹಿಗ್ಗಿಸಿ ಗೋಡೆಗೆ ಹಾಕಿದರೆ ಇಂಚಿಗೆ 34 ಬಿಂದು. ಹಿಂದಿನ ಬೆಂಚಿನ ಮಕ್ಕಳಿಗೆ ಕವಿಯ ಮುಖ ಲಕ್ಷಣವಾಗಿಯೇ ಕಾಣುತ್ತದೆ. ಹತ್ತಿರ ಬಂದು ನೋಡಿದ ಅತಿಥಿಗೆ ಮಾತ್ರ ಚೌಕಟ್ಟು ಚೌಕಟ್ಟಾದ ಮೊಸಾಯಿಕ್ ನೆಲ ಕಾಣುತ್ತದೆ.

ಮೊಬೈಲಿನ ಪರದೆ ಮೋಸ ಮಾಡುವುದು ಇಲ್ಲಿಯೇ. ಸಾಮಾನ್ಯ ಮೊಬೈಲಿನ ಪರದೆಯ ಅಗಲ ಎರಡೂಮುಕ್ಕಾಲು ಇಂಚಿಗಿಂತ ಕಡಿಮೆ. ಆ ಅಗಲದಲ್ಲಿ ಬಹುತೇಕ 1080 ಬಿಂದುಗಳು ಒತ್ತಾಗಿ ಕುಳಿತಿರುತ್ತವೆ. ಅಷ್ಟು ಕಿರಿದಾದ ಜಾಗದಲ್ಲಿ ಕೊರತೆಯ ಚಿತ್ರವೂ ಚೆಂದವಾಗಿ ಹೊಳೆಯುತ್ತದೆ. ವಾಟ್ಸ್‌ಆ್ಯಪ್ ಮೂಲಕ ಸಾಧಾರಣ ರೀತಿಯಲ್ಲಿ ಕಳುಹಿಸಿದ ಚಿತ್ರದ ಉದ್ದ ಬದಿ ಬಹುಮಟ್ಟಿಗೆ 1600 ಬಿಂದುಗಳ ಆಸುಪಾಸಿಗೆ ಇಳಿಯುತ್ತದೆ. 4000ಕ್ಕೆ 3000 ಇದ್ದದ್ದು 1600ಕ್ಕೆ 1200 ಆಯಿತೆಂದರೆ 1 ಕೋಟಿ 20 ಲಕ್ಷ ಬಿಂದುಗಳಲ್ಲಿ ಉಳಿದದ್ದು 19 ಲಕ್ಷ ಚಿಲ್ಲರೆ. ಆರರಲ್ಲಿ ಐದು ಪಾಲಿಗಿಂತ ಹೆಚ್ಚು ಹೋಯಿತು, ಪರದೆಯ ಮೇಲೆ ಯಾರಿಗೂ ಗೊತ್ತಾಗಲಿಲ್ಲ. 2023ರಿಂದ ಎಚ್‌ಡಿ ಎಂಬ ಆಯ್ಕೆ ಬಂದಿದೆ. ಅದು ಮೇಲು, ಆದರೆ ಅದೂ ಮೂಲವಲ್ಲ. ಚಿತ್ರವನ್ನು ಚಿತ್ರವಾಗಿ ಕಳುಹಿಸದೆ ಡಾಕ್ಯುಮೆಂಟ್ ಆಗಿ ಲಗತ್ತಿಸಿದರೆ ಮೂಲ ಕಡತವೇ ಇದ್ದಂತೆ ತಲುಪುತ್ತದೆ. ಇ-ಮೇಲ್ ಲಗತ್ತು, ಪೆನ್ ಡ್ರೈವ್ ಇವುಗಳೂ ಆಗಬಹುದು. ಪರದೆಯ ಸ್ಕ್ರೀನ್‌ಶಾಟ್ ತೆಗೆದು ಕಳುಹಿಸುವ ಅಭ್ಯಾಸವಂತೂ ಎಲ್ಲಕ್ಕಿಂತ ಕೆಟ್ಟದ್ದು. ಎರಡು ಬೆರಳುಗಳಿಂದ ಪರದೆಯನ್ನು ಹಿಗ್ಗಿಸಿ ದೂರದ ವಸ್ತುವನ್ನು ಹತ್ತಿರಕ್ಕೆ ತರುವುದೂ ಅನೇಕ ಮೊಬೈಲುಗಳಲ್ಲಿ ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವ ಕೆಲಸವೇ ಆಗಿರುತ್ತದೆ. ಎರಡು ಹೆಜ್ಜೆ ಮುಂದೆ ನಡೆಯುವುದು ಇದಕ್ಕಿಂತ ಉತ್ತಮ.

ಆದರೆ ಸಾಂದ್ರತೆಯ ಸೂತ್ರವೊಂದನ್ನೇ ನೆಚ್ಚಿಕೊಂಡರೂ ಸಾಲದು. ಒಂದು ತರಗತಿಯ ಸಾಮೂಹಿಕ ಚಿತ್ರದಲ್ಲಿ ಒಂದೊಂದು ಸಾಲಿಗೆ 20 ಮಕ್ಕಳು ನಿಂತಿದ್ದಾರೆ ಎಂದಿಟ್ಟುಕೊಳ್ಳೋಣ. 4000 ಬಿಂದುಗಳನ್ನು 20 ಜನರಿಗೆ ಹಂಚಿದರೆ ಒಬ್ಬರಿಗೆ 200. ಭುಜದಿಂದ ಭುಜದವರೆಗಿನ ಅಗಲದಲ್ಲಿ ಮುಖ ಮೂರನೆಯ ಒಂದು ಪಾಲು, ಅಂದರೆ ಸುಮಾರು 65 ಬಿಂದು. ಸಾಧಾರಣ ರೀತಿಯಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಬಂದ ಪ್ರತಿಯಲ್ಲಿ ಅದೇ ಮುಖಕ್ಕೆ ಉಳಿಯುವುದು 26 ಬಿಂದು. ಸಂಚಿಕೆಯ ಪುಟದಲ್ಲಿ ಏಳು ಇಂಚು ಅಗಲಕ್ಕೆ ಮುದ್ರಿಸಿದರೆ ಇಂಚಿಗೆ 228 ಬಿಂದು ಬರುವುದರಿಂದ ಮುದ್ರಣಾಲಯದವರೂ ಆಕ್ಷೇಪಿಸಲಾರರು. ಆದರೆ ಆ ಮುಖ 3 ಮಿ.ಮೀ. ಅಗಲವಿದ್ದು, ಅದರಲ್ಲಿ ಒಂದು ಕಣ್ಣಿಗೆ ನಾಲ್ಕೈದು ಬಿಂದುಗಳಷ್ಟೇ ದಕ್ಕಿರುತ್ತವೆ. ಇಪ್ಪತ್ತು ವರ್ಷಗಳ ಬಳಿಕ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಗೆಳತಿಯ ಮುಖವನ್ನಷ್ಟೇ ದೊಡ್ಡದಾಗಿ ಮಾಡಿಸಲು ಬಯಸಿದರೆ ಆ ಕಡತದಲ್ಲಿ ಗೆಳತಿ ಇರುವುದಿಲ್ಲ, ಕಂದು ಬಣ್ಣದ ಒಂದು ಕಲೆ ಇರುತ್ತದೆ.

ಆದ್ದರಿಂದ ಕೇಳಬೇಕಾದ ಸರಿಯಾದ ಪ್ರಶ್ನೆ ಇದು: ಈ ಚಿತ್ರದಲ್ಲಿ ಉಳಿಯಲೇಬೇಕಾದ ಅತಿ ಸಣ್ಣ ವಸ್ತು ಯಾವುದು, ಅದಕ್ಕೆ ಎಷ್ಟು ಬಿಂದುಗಳು ದಕ್ಕಿವೆ? ಇಡಿಯ ಚಿತ್ರದ ಮೆಗಾಪಿಕ್ಸೆಲ್ ಸಂಖ್ಯೆಗಿಂತ ಈ ಪ್ರಶ್ನೆಗೆ ಸಿಗುವ ಉತ್ತರ ಹೆಚ್ಚು ನಿಜ ಹೇಳುತ್ತದೆ. ಅರವತ್ತು ಮಕ್ಕಳ ತರಗತಿಯನ್ನು ಒಂದೇ ಚಿತ್ರದಲ್ಲಿ ತುರುಕುವ ಬದಲು ಎರಡು ಮೂರು ಗುಂಪುಗಳಾಗಿ ತೆಗೆದರೆ ಯಾವ ಹೊಸ ಸಲಕರಣೆಯೂ ಇಲ್ಲದೆ ಪ್ರತಿಯೊಂದು ಮುಖಕ್ಕೂ ಬಿಂದುಗಳು ಇಮ್ಮಡಿಯಾಗುತ್ತವೆ.

ಪಾಠದ ಪುಟದಲ್ಲಿ ಉಳಿಯಲೇಬೇಕಾದ ಅತಿ ಸಣ್ಣ ವಸ್ತು ಅಕ್ಷರದ ಗೀಟು. ಕನ್ನಡ ಲಿಪಿಯಲ್ಲಿ ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ, ಬ ಮತ್ತು ಭ ಇವುಗಳನ್ನು ಬೇರೆ ಮಾಡುವುದು ಕೆಳಗಿನ ಒಂದು ಸಣ್ಣ ಸೀಳು. ಹೊಟ್ಟೆ ಸೀಳಿದ ಷ ಎಂದು ಮಕ್ಕಳಿಗೆ ಹೇಳಿಕೊಡುವ ಅಕ್ಷರವೂ ಪಕಾರದಿಂದ ಬೇರೆಯಾಗುವುದು ಒಂದು ಒಳಗೀಟಿನಿಂದಲೇ. ಒತ್ತಕ್ಷರಗಳು ಇನ್ನೂ ಚಿಕ್ಕವು. ದನ ಮತ್ತು ಧನ, ಬಾರ ಮತ್ತು ಭಾರ ಎಂಬ ಮಾತುಗಳ ಅರ್ಥವೆಲ್ಲ ಈ ಗೀಟಿನ ಮೇಲೆ ನಿಂತಿದೆ. ಎ4 ಅಳತೆಯ ಪುಟವನ್ನು ಚೌಕಟ್ಟಿನ ತುಂಬ ಬರುವಂತೆ 12 ಮೆಗಾಪಿಕ್ಸೆಲ್‌ನಲ್ಲಿ ಹಿಡಿದರೆ ಇಂಚಿಗೆ ಸುಮಾರು 340 ಬಿಂದುಗಳು ದೊರೆಯುತ್ತವೆ. 12 ಪಾಯಿಂಟ್ ಅಚ್ಚಿನ ಸಾಲಿಗೆ ಇಂಚಿನ ಆರನೆಯ ಒಂದು ಭಾಗದಷ್ಟು ಎತ್ತರ. ಅದಕ್ಕೆ 57 ಬಿಂದುಗಳಾದವು. ಅಕ್ಷರದ ಒಡಲು ಅದರ ಸುಮಾರು ಅರ್ಧ, ಸೀಳಿನ ಗೀಟಿಗೆ ಮೂರು ನಾಲ್ಕು ಬಿಂದು. ಇದೇ ಪುಟ 1600 ಬಿಂದುಗಳಿಗೆ ಇಳಿದಾಗ ಇಂಚಿಗೆ 137. ಅಕ್ಷರದ ಒಡಲಿಗೆ ಹನ್ನೊಂದು, ಗೀಟಿಗೆ ಒಂದೋ ಎರಡೋ. ಜೆಪೆಗ್ ಎಂಬ ಸಂಕ್ಷೇಪ ವಿಧಾನವು ಚಿತ್ರವನ್ನು ಎಂಟು ಬಿಂದು ಉದ್ದ, ಎಂಟು ಬಿಂದು ಅಗಲದ ತುಂಡುಗಳಾಗಿ ವಿಭಾಗಿಸಿ, ಒಂದೊಂದು ತುಂಡಿನೊಳಗಿನ ಸೂಕ್ಷ್ಮ ವ್ಯತ್ಯಾಸಗಳನ್ನು ಕೈಬಿಟ್ಟು ಜಾಗ ಉಳಿಸುತ್ತದೆ. ಅಕ್ಷರವೇ ಒಂದೂವರೆ ತುಂಡಿನಷ್ಟಿದ್ದರೆ ಅದರ ಗೀಟಿನ ಗತಿಯನ್ನು ಊಹಿಸಬಹುದು. ಅದರ ಮೇಲೆ ಜೆರಾಕ್ಸ್ ಬೇರೆ.

ದೊಡ್ಡವರು ಇಂತಹ ಪುಟವನ್ನು ಸಲೀಸಾಗಿ ಓದುತ್ತಾರೆ. ಅವರು ಓದುವುದು ಅಕ್ಷರವನ್ನಲ್ಲ, ತಿಳಿದ ಪದವನ್ನು. ಕಾಣದ ಗೀಟನ್ನು ನೆನಪು ತುಂಬಿಕೊಡುತ್ತದೆ. ಈಗಷ್ಟೇ ಓದು ಕಲಿಯುತ್ತಿರುವ ಮಗುವಿಗೆ ಆ ನೆನಪಿಲ್ಲ. ತಾಳವಾಡಿ, ಹೊಸೂರು, ನೀಲಗಿರಿಯ ಮಗುವಿನ ವಿಷಯದಲ್ಲಿ ಇದು ಇನ್ನಷ್ಟು ಗಂಭೀರ. ತಮಿಳು ಲಿಪಿಯಲ್ಲಿ ಮಹಾಪ್ರಾಣಗಳಿಗೆ ಬೇರೆ ಅಕ್ಷರಗಳಿಲ್ಲ. ಬೀದಿಯ ಫಲಕ, ಬಸ್ಸಿನ ಬೋರ್ಡು, ಅಂಗಡಿಯ ಚೀಟಿ ಎಲ್ಲವೂ ತಮಿಳಿನಲ್ಲಿರುವ ಊರಿನಲ್ಲಿ ದಕಾರ ಧಕಾರಗಳ ಭೇದವನ್ನು ಮಗು ಕಾಣುವ ಸ್ಥಳ ಬಹುಮಟ್ಟಿಗೆ ಕನ್ನಡದ ಪುಟವೊಂದೇ. ಆ ಪುಟದಲ್ಲಿಯೂ ಗೀಟು ಅಳಿಸಿಹೋದರೆ ಮಗು ತಪ್ಪು ಬರೆಯಿತೆಂದು ಕೆಂಪು ಶಾಯಿಯಿಂದ ತಿದ್ದುವುದು ನ್ಯಾಯವಲ್ಲ. ಮಡಕಶಿರಾ, ರಾಯದುರ್ಗ, ಆದೋನಿಯ ಕಡೆ ತೊಡಕು ಬೇರೊಂದು ಬಗೆಯದು. ಕನ್ನಡ ಮತ್ತು ತೆಲುಗು ಲಿಪಿಗಳ ಅನೇಕ ಅಕ್ಷರಗಳ ಒಡಲು ಒಂದೇ ತೆರನಾಗಿದ್ದು, ತಲೆಕಟ್ಟಿನ ಆಕಾರದಲ್ಲಿ ಭೇದ ಎದ್ದು ಕಾಣುತ್ತದೆ. ಬಿಂದುಗಳು ಸಾಲದೆ ತಲೆಕಟ್ಟು ಮಸುಕಾದರೆ ಎರಡೂ ಲಿಪಿಗಳನ್ನು ಒಟ್ಟಿಗೆ ಕಲಿಯುತ್ತಿರುವ ಮಗುವಿಗೆ ತಾನು ಯಾವುದನ್ನು ಓದುತ್ತಿದ್ದೇನೆಂಬುದೇ ಅಸ್ಪಷ್ಟವಾದೀತು.

ಮಸುಕಾದುದನ್ನು ಮತ್ತೆ ತಿಳಿಗೊಳಿಸುವ ತಂತ್ರಾಂಶಗಳಿವೆಯಲ್ಲ ಎಂಬ ಪ್ರಶ್ನೆ ಸಹಜ. ಚಿತ್ರವನ್ನು ಹಿಗ್ಗಿಸುವ ಹಳೆಯ ವಿಧಾನಗಳು ಅಕ್ಕಪಕ್ಕದ ಬಿಂದುಗಳ ಸರಾಸರಿ ತೆಗೆದು ನಡುವೆ ಹೊಸ ಬಿಂದುಗಳನ್ನು ಸೇರಿಸುತ್ತವೆ. ಇದರಿಂದ ಚಿತ್ರ ನುಣುಪಾಗುತ್ತದೆ, ವಿವರ ಹೆಚ್ಚುವುದಿಲ್ಲ. ಕೃತಕ ಬುದ್ಧಿಮತ್ತೆಯನ್ನು ಬಳಸುವ ಹೊಸ ತಂತ್ರಾಂಶಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಲ್ಲಿ ಏನಿದ್ದಿರಬಹುದೆಂದು ಊಹಿಸಿ ಬರೆಯುತ್ತವೆ. ಊಹೆ ಮುಖದ ಮೇಲಾದರೆ ಬೇರೊಬ್ಬರ ಕಣ್ಣು ಬಂದು ಕೂರಬಹುದು. ಅಕ್ಷರದ ಮೇಲಾದರೆ ಬೇರೊಂದು ಅಕ್ಷರವೇ ಬಂದೀತು. ಮಸುಕಿಗಿಂತ ಇದು ಹೆಚ್ಚು ಅಪಾಯಕಾರಿ, ಏಕೆಂದರೆ ಮಸುಕು ತನ್ನ ದೋಷವನ್ನು ತಾನೇ ತೋರಿಸಿಕೊಳ್ಳುತ್ತದೆ. 2013ರಲ್ಲಿ ಜರ್ಮನಿಯ ಗಣಕ ವಿಜ್ಞಾನಿ ಡೇವಿಡ್ ಕ್ರೀಸೆಲ್ ಒಂದು ವಿಚಿತ್ರ ಸಂಗತಿಯನ್ನು ಬೆಳಕಿಗೆ ತಂದರು. ನಕಲು ಪ್ರತಿಗೆ ಕನ್ನಡದಲ್ಲಿಯೂ ಯಾವ ಸಂಸ್ಥೆಯ ಹೆಸರೇ ರೂಢಿಯಾಗಿದೆಯೋ ಆ ಜೆರಾಕ್ಸ್ ಸಂಸ್ಥೆಯ ಕೆಲವು ಯಂತ್ರಗಳು ಕಟ್ಟಡದ ನಕ್ಷೆಯನ್ನು ಸ್ಕ್ಯಾನ್ ಮಾಡುವಾಗ ಅಂಕಿಗಳನ್ನೇ ಬದಲಿಸುತ್ತಿದ್ದವು. 6 ಇದ್ದಲ್ಲಿ 8 ಬರುತ್ತಿತ್ತು. ಕಡತವನ್ನು ಕಿರಿದಾಗಿಸಲು ಯಂತ್ರವು ಒಂದೇ ರೀತಿ ಕಾಣುವ ಆಕಾರಗಳನ್ನು ಒಂದೇ ಎಂದು ಎಣಿಸಿ, ಒಂದರ ಪ್ರತಿಯನ್ನು ಇನ್ನೊಂದರ ಜಾಗದಲ್ಲಿ ಇಡುತ್ತಿದ್ದುದು ಇದಕ್ಕೆ ಕಾರಣ. ಸಂಸ್ಥೆ ಬಳಿಕ ಅದನ್ನು ಸರಿಪಡಿಸುವ ತಂತ್ರಾಂಶವನ್ನು ಬಿಡುಗಡೆ ಮಾಡಿತು. ಬದಲಾದ ಅಂಕಿಗಳು ಮಸುಕಾಗಿರಲಿಲ್ಲ, ಸ್ಪಷ್ಟವಾಗಿಯೇ ಇದ್ದವು. ಆರು ಎಂಟಾಗಬಲ್ಲುದಾದರೆ ದಕಾರ ಧಕಾರಗಳ ಮಾತೇನು!

ಈ ಸಂಗತಿಯನ್ನು ಗಣಕಯಂತ್ರವಿಲ್ಲದೆಯೇ ತರಗತಿಯಲ್ಲಿ ತೋರಿಸಬಹುದು. ಗ್ರಾಫ್ ಹಾಳೆಯ ಮೇಲೆ 6 ಸೆಂ.ಮೀ. ಎತ್ತರದ ದ ಮತ್ತು ಧ ಅಕ್ಷರಗಳನ್ನು ದಪ್ಪ ಸ್ಕೆಚ್ ಪೆನ್ನಿನಿಂದ ಬರೆಸಬೇಕು. 1 ಸೆಂ.ಮೀ. ಚೌಕಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಸಿ ಬಿದ್ದ ಪ್ರತಿಯೊಂದು ಚೌಕವನ್ನೂ ಪೂರ್ತಿ ತುಂಬಬೇಕು, ಉಳಿದುದನ್ನು ಬಿಳಿಯಾಗಿ ಬಿಡಬೇಕು. ಇದನ್ನು ಮತ್ತೊಂದು ಹಾಳೆಗೆ ಇಳಿಸಬೇಕು. ಎರಡೂ ಅಕ್ಷರಗಳು ಹೆಚ್ಚುಕಡಿಮೆ ಒಂದೇ ಮುದ್ದೆಯಾಗಿ ನಿಲ್ಲುತ್ತವೆ. ಅದೇ ಕೆಲಸವನ್ನು 2 ಮಿ.ಮೀ. ಚೌಕಗಳಲ್ಲಿ ಮಾಡಿದರೆ ಗೀಟು ಮರಳಿ ಕಾಣಿಸಿಕೊಳ್ಳುತ್ತದೆ. ಮೊದಲ ಹಾಳೆಯನ್ನಷ್ಟೇ ನೋಡಿದ ಬೇರೊಂದು ಗುಂಪಿಗೆ "ಇದು ಯಾವ ಅಕ್ಷರ?" ಎಂದು ಕೇಳಿ ವಾದಕ್ಕೆ ಬಿಟ್ಟರೆ, ಕಳೆದುಹೋದ ಬಿಂದುಗಳನ್ನು ಊಹೆಯಿಂದ ಮರಳಿ ಪಡೆಯಲಾಗದೆಂಬುದು ಮಕ್ಕಳಿಗೆ ತಾನಾಗಿ ಮನವರಿಕೆಯಾಗುತ್ತದೆ. ಅನುಪಾತ, ಸರಾಸರಿ, ಕ್ಷೇತ್ರಫಲ ಮೂರೂ ಈ ಒಂದು ಚಟುವಟಿಕೆಯಲ್ಲಿ ಅಡಗಿವೆ. ಚುರುಕಾದ ಮಕ್ಕಳಿಗೆ ಇನ್ನೊಂದು ಲೆಕ್ಕ ಕೊಡಬಹುದು: ಬದಿಗಳು ಅರ್ಧವಾದಾಗ ಬಿಂದುಗಳ ಒಟ್ಟು ಸಂಖ್ಯೆ ಅರ್ಧವಾಗದೆ ಕಾಲು ಭಾಗವಾಗುವುದೇಕೆ?

ಪುಟವನ್ನು ಹಿಡಿಯುವಾಗ ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ನೋಡಿಕೊಂಡು, ಫ್ಲ್ಯಾಷ್ ಆರಿಸಿ, ಮೊಬೈಲು ಪುಟಕ್ಕೆ ಸಮಾನಾಂತರವಾಗಿರುವಂತೆ ಹಿಡಿಯಬೇಕು. ಓರೆಯಾಗಿ ಹಿಡಿದರೆ ದೂರದ ಅಂಚಿನ ಅಕ್ಷರಗಳಿಗೆ ಬಿಂದುಗಳು ಕಡಿಮೆ ಬೀಳುತ್ತವೆ. ಕೈ ನಡುಗಿದ ಚಿತ್ರಕ್ಕೆ ಎಷ್ಟು ಮೆಗಾಪಿಕ್ಸೆಲ್ ಇದ್ದರೂ ವ್ಯರ್ಥ. ಆನ್‌ಲೈನ್ ಅರ್ಜಿಗೆ 50 ಕೆಬಿಯೊಳಗಿನ ಚಿತ್ರ ಬೇಕಾದಾಗ ಮೂಲವನ್ನೇ ಕುಗ್ಗಿಸದೆ ಅದರ ಪ್ರತಿಯೊಂದನ್ನು ಕುಗ್ಗಿಸಬೇಕು.

ಶಾಲೆಯ ಕಚೇರಿಯ ಗೋಡೆಯಲ್ಲಿ, ಬೀರುವಿನ ತಳದಲ್ಲಿ ಉಳಿದಿರುವ ಹಳೆಯ ಕಪ್ಪುಬಿಳುಪು ಚಿತ್ರಗಳಿಗೆ ಇದೇ ಲೆಕ್ಕವನ್ನು ಹಿಂದುಮುಂದಾಗಿ ಹಾಕಬೇಕು. ನಾಲ್ಕು ಇಂಚು ಅಗಲ, ಆರು ಇಂಚು ಉದ್ದದ ಚಿತ್ರವನ್ನು ಅದೇ ಅಳತೆಯಲ್ಲಿ ಮರುಮುದ್ರಿಸಲು ಇಂಚಿಗೆ 300ರ ಸ್ಕ್ಯಾನ್ ಸಾಕು. ಅದರ ಉದ್ದ ಅಗಲಗಳನ್ನು ಇಮ್ಮಡಿಸಿ ಗೋಡೆಗೆ ಹಾಕಬೇಕೆಂದಿದ್ದರೆ 600 ಬೇಕು. ಆಗ 2400 ಮತ್ತು 3600 ಬಿಂದುಗಳು ಸಿಗುತ್ತವೆ. ನೆಗೆಟಿವ್ ಉಳಿದಿದ್ದರೆ ಅದು ಭಾಗ್ಯವೇ ಸರಿ. 35 ಮಿ.ಮೀ. ಫಿಲ್ಮಿನ ಒಂದು ಚೌಕಟ್ಟು ಕೇವಲ 24 ಮಿ.ಮೀ. ಅಗಲ, 36 ಮಿ.ಮೀ. ಉದ್ದವಿರುವುದರಿಂದ ಅದಕ್ಕೆ ಇಂಚಿಗೆ 2400ರ ಸಾಂದ್ರತೆ ಬೇಕಾಗುತ್ತದೆ. ಫಲವಾಗಿ 3400 ಬಿಂದು ಉದ್ದದ ಚಿತ್ರ ದೊರೆಯುತ್ತದೆ. ರಟ್ಟಿಗೆ ಅಂಟಿಸಿದ ದೊಡ್ಡ ಸಾಮೂಹಿಕ ಚಿತ್ರ ಸ್ಕ್ಯಾನರಿನಲ್ಲಿ ಹಿಡಿಸದಿದ್ದರೆ ಚೌಕಟ್ಟಿನ ಗಾಜನ್ನು ಜೋಪಾನವಾಗಿ ತೆಗೆದು, ಒಂದರ ಅಂಚು ಇನ್ನೊಂದರಲ್ಲಿ ಬರುವಂತೆ ನಾಲ್ಕು ಭಾಗಗಳಾಗಿ ಮೊಬೈಲಿನಲ್ಲಿ ಹಿಡಿಯಬಹುದು. ಚಿತ್ರ ಗಾಜಿಗೇ ಅಂಟಿಕೊಂಡಿದ್ದರೆ ಬಿಡಿಸುವ ಸಾಹಸ ಬೇಡ. ಗಾಜಿನ ಮೇಲಿಂದಲೇ ಪ್ರತಿಫಲನ ತಪ್ಪಿಸಿ ತೆಗೆಯುವುದು ಕ್ಷೇಮ.

ಇಂತಹ ಚಿತ್ರಗಳ ಹಿಂಬದಿಯನ್ನು ತಿರುಗಿಸಿ ನೋಡದೆ ಕೆಲಸ ಮುಗಿಸಬಾರದು. ಸ್ಟುಡಿಯೋದ ಮೊಹರು, ಇಸವಿ, ಎಡದಿಂದ ಬಲಕ್ಕೆ ಕುಳಿತವರ ಹೆಸರುಗಳನ್ನು ಪೆನ್ಸಿಲಿನಲ್ಲಿ ಬರೆದ ಸಾಲುಗಳು ಅಲ್ಲಿರಬಹುದು. ಆ ಪೆನ್ಸಿಲಿನ ಗೆರೆ ಅಚ್ಚಿನ ಅಕ್ಷರದ ಗೀಟಿಗಿಂತಲೂ ತೆಳು. ಹಿಂಬದಿಯನ್ನು 600ರಲ್ಲಿ, ಬಣ್ಣದ ಕ್ರಮದಲ್ಲಿಯೇ ಸ್ಕ್ಯಾನ್ ಮಾಡಿ, ಮುಂಬದಿಯ ಕಡತದ ಹೆಸರಿನ ಜೊತೆಗೆ "ಹಿಂಬದಿ" ಎಂದು ಸೇರಿಸಿ ಅದರ ಪಕ್ಕದಲ್ಲಿಯೇ ಇಡಬೇಕು.